ಕಡಲ ದಂತ ಯಾವ ಪ್ರಾಣಿಯದು? ಕಣ್ಣಿನಿಂದ ಡಿಎನ್‌ಎವರೆಗೆ, ಹಂತ ಹಂತವಾಗಿ

ದಂತ ಅಂದ ಕೂಡಲೇ ನಮಗೆ ಆನೆ ನೆನಪಾಗುತ್ತದೆ. ನಾವು ಆನೆಗಳ ನಾಡಿನವರು, ಅದು ಸಹಜ. ಆದರೆ ಕಡಲಲ್ಲೂ ದಂತ ಇದೆ. ಉತ್ತರ ಧ್ರುವದ ಕಡೆಯ ವಾಲ್ರಸ್ (ಸೀಲ್‌ನ ಸಂಬಂಧಿ), ನಾರ್ವಾಲ್ ಅನ್ನುವ ಚಿಕ್ಕ ತಿಮಿಂಗಿಲ, ಎಲ್ಲ ಮಹಾಸಾಗರಗಳಲ್ಲೂ ಓಡಾಡುವ ಸ್ಪರ್ಮ್ ತಿಮಿಂಗಿಲ, ಓರ್ಕಾ (ಕಿಲ್ಲರ್ ವೇಲ್), ನಮ್ಮದೇ ಮನ್ನಾರ್ ಕೊಲ್ಲಿಯ ಕಡಲಹಸು, ಇವೆಲ್ಲದರ ಹಲ್ಲನ್ನೂ ಮನುಷ್ಯ ಕೆತ್ತಿದ್ದಾನೆ. ಕನ್ನಡದಲ್ಲಿ ನಾವು ಬಾಯಿಮಾತಿಗೆ ಆನೆ ಕೊಂಬು ಅನ್ನುತ್ತೇವೆ. ನಿಜಕ್ಕೂ ಅದು ಕೊಂಬಲ್ಲ, ಹಲ್ಲು. ದಂತ ಅನ್ನುವ ಪದವೇ ಅದನ್ನು ಹೇಳಿಬಿಟ್ಟಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಪರೀಕ್ಷೆಗಳೂ ಹಲ್ಲಿನ ರಚನೆಯ ಮೇಲೇ ನಿಂತಿವೆ.

ಇದು ದೂರದ ದೇಶದ ವಿಷಯ ಅಂದುಕೊಳ್ಳಬೇಡಿ. ಮೊಘಲರ ಕಾಲದಲ್ಲಿ ವಾಲ್ರಸ್ ದಂತ ಇಲ್ಲಿಗೂ ಬರುತ್ತಿತ್ತು. ಪರ್ಷಿಯನ್ ಭಾಷೆಯಲ್ಲಿ ಅದಕ್ಕೆ ‘ಮೀನಿನ ಹಲ್ಲು’ ಅನ್ನುತ್ತಿದ್ದರು. ಜಹಾಂಗೀರನಿಗೆ ಅದರ ಮೇಲೆ ಎಷ್ಟು ಆಸೆ ಇತ್ತೆಂದರೆ, ಅದರ ಕಠಾರಿ ಹಿಡಿಗಳ ಬಗ್ಗೆ ತನ್ನ ದಿನಚರಿಯಲ್ಲೇ ಬರೆದುಕೊಂಡಿದ್ದಾನೆ. ಹಾಗಾಗಿ ಭಾರತದ ಹಳೆಯ ಕತ್ತಿ, ಕಠಾರಿಗಳ ಬಿಳಿ ಹಿಡಿ ನೋಡಿದ ತಕ್ಷಣ ಆನೆದಂತ ಅಂತ ಚೀಟಿ ಅಂಟಿಸುವುದು ತಪ್ಪು. ಸುಮಾರು ಜನ ಮಾಡುವ ತಪ್ಪು.

ಒಂದೇ ಒಂದು ಪರೀಕ್ಷೆಯಿಂದ ಎಲ್ಲವೂ ಗೊತ್ತಾಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಮ ಮುಖ್ಯ. ಮೊದಲು ಕಣ್ಣು, ಆಮೇಲೆ ಬೆಳಕು, ಆಮೇಲೆ ಮುಟ್ಟದೆ ನೋಡುವ ಯಂತ್ರಗಳು, ಕೊನೆಗಷ್ಟೇ ವಸ್ತುವಿನಿಂದ ಚೂರು ತೆಗೆಯುವುದು. ಈ ಕ್ರಮ ತಲೆಕೆಳಗಾದರೆ ವಸ್ತುವೂ ಹಾಳು, ಉತ್ತರವೂ ಸಿಗುವುದಿಲ್ಲ.

ಶುರು ಮಾಡುವ ಮೊದಲು: ಇವನ್ನು ಮಾಡಲೇಬೇಡಿ

ಕಾದ ಸೂಜಿ ಚುಚ್ಚುವ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಕಠಾರಿ ಇತ್ತು. ಬೆಲೆ ಕಟ್ಟಲು ಬಂದ ವ್ಯಾಪಾರಿಯೊಬ್ಬ ಅವರನ್ನು ಕೇಳದೆಯೇ ಹಿಡಿಗೆ ಕೆಂಪಗೆ ಕಾದ ಸೂಜಿ ಚುಚ್ಚಿಬಿಟ್ಟ. ಹಿಡಿಯ ಮುಂಭಾಗದಲ್ಲೇ ಮೂರು ಕಪ್ಪು ಚುಕ್ಕೆ ಬಿತ್ತು. ಕೂದಲು ಸುಟ್ಟ ವಾಸನೆ ಬಂತು, ದಂತವೇ ಅಂತ ಹೇಳಿ ಹೋದ. ಆ ಚುಕ್ಕೆಗಳನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಆ ಪರೀಕ್ಷೆ ಹೇಳುವುದು ಇದು ಪ್ಲಾಸ್ಟಿಕ್ ಅಲ್ಲ ಅನ್ನುವುದನ್ನು ಮಾತ್ರ. ಎಲುಬಿಗೆ ಚುಚ್ಚಿದರೂ ಅದೇ ವಾಸನೆ ಬರುತ್ತದೆ, ಜಿಂಕೆ ಕೊಂಬಿಗೆ ಚುಚ್ಚಿದರೂ ಅದೇ. ಪ್ರಾಣಿ ಯಾವುದು ಅನ್ನುವುದಕ್ಕೆ ಅದು ಉತ್ತರವೇ ಅಲ್ಲ.

ಆಸಿಡ್ ಹನಿ ಹಾಕಬೇಡಿ. ನೀರಲ್ಲಿ ಮುಳುಗಿಸಿ ತೂಕ ನೋಡಬೇಡಿ. ದಂತ ನೀರು ಹೀರುತ್ತದೆ, ಒಣಗುವಾಗ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಎಣ್ಣೆ ಸವರಿ ಹೊಳಪು ಕೊಡುವುದೂ ಬೇಡ, ಮುಂದೆ ಪ್ರಯೋಗಾಲಯದವರಿಗೆ ಅದು ತಲೆನೋವಾಗುತ್ತದೆ. ಬರಿಗೈಯಲ್ಲಿ ಮುಟ್ಟದೆ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ.

ಹಂತ 1: ಇದು ಹಲ್ಲೇ ಹೌದಾ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಳ್ಳೆಯ ಲೂಪ್ ಒಂದು ಕೊಳ್ಳಿ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಜೊತೆಗೆ ಒಂದು ಸಣ್ಣ ಟಾರ್ಚ್. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ, ಓರೆಯಾಗಿ ಬಿಡಿ. ಮೇಲ್ಮೈಯ ಗೆರೆಗಳು ಆಗ ಎದ್ದು ಕಾಣುತ್ತವೆ.

ಎಲುಬಿನಲ್ಲಿ ರಕ್ತನಾಳಗಳು ಓಡಾಡಿದ ಸಣ್ಣ ಕೊಳವೆಗಳಿರುತ್ತವೆ. ಅಡ್ಡ ಕೊಯ್ದ ಕಡೆ ಅವು ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಾಗಿ, ಉದ್ದಕ್ಕೆ ಕೊಯ್ದ ಕಡೆ ಚಿಕ್ಕ ಕಪ್ಪು ಗೀರುಗಳಾಗಿ ಕಾಣುತ್ತವೆ. ಹಲ್ಲಿನ ಮುಖ್ಯ ಭಾಗವಾದ ಡೆಂಟಿನ್‌ನಲ್ಲೂ ಕೊಳವೆಗಳಿವೆ, ಆದರೆ ಅವು ಲೂಪ್‌ಗೆ ಕಾಣದಷ್ಟು ಸಣ್ಣ. ಹಾಗಾಗಿ ಚುಕ್ಕೆ ಕಂಡರೆ ಎಲುಬು. ಇಲ್ಲಿ ಒಂದು ಎಚ್ಚರಿಕೆ: ಎಲುಬು ಅಂದ ಮಾತ್ರಕ್ಕೆ ಕಡಲ ಪ್ರಾಣಿ ಅಲ್ಲ ಅಂತಲ್ಲ, ತಿಮಿಂಗಿಲದ ಎಲುಬನ್ನೂ ಕೆತ್ತಿದ್ದಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಎಂಟನೇ ಶತಮಾನದ ಫ್ರಾಂಕ್ಸ್ ಪೆಟ್ಟಿಗೆ ತಿಮಿಂಗಿಲದ ಎಲುಬಿನದು, ದಂತದ್ದಲ್ಲ.

ಪ್ಲಾಸ್ಟಿಕ್ ಮತ್ತು ರಾಳದ ನಕಲುಗಳಲ್ಲಿ ಅಚ್ಚಿನ ಸೇರುಗೆರೆ, ಸಣ್ಣ ಗಾಳಿಗುಳ್ಳೆ ಸಿಗುತ್ತವೆ. ದಂತದ ಎಳೆಗಳನ್ನು ನಕಲು ಮಾಡಿದ್ದರೂ ಆ ಗೆರೆಗಳು ಬರೆಪಟ್ಟಿ ಇಟ್ಟು ಎಳೆದಂತೆ ಒಂದೇ ಅಂತರದಲ್ಲಿ ಇರುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಗಾರರು ಹಡಗಿನಲ್ಲಿ ಕೂತು ಸ್ಪರ್ಮ್ ತಿಮಿಂಗಿಲದ ಹಲ್ಲಿನ ಮೇಲೆ ಚಿತ್ರ ಕೊರೆಯುತ್ತಿದ್ದರು, ಅದಕ್ಕೆ ಸ್ಕ್ರಿಮ್‌ಶಾ ಅನ್ನುತ್ತಾರೆ. ಇವತ್ತು ಮಾರುಕಟ್ಟೆಯಲ್ಲಿ ಅದರ ರಾಳದ ನಕಲುಗಳು ತುಂಬಾ ಇವೆ. ಬುಡದ ಟೊಳ್ಳಿನೊಳಗೆ ನೋಡಿ. ನಿಜವಾದ ಹಲ್ಲಿನಲ್ಲಿ ಆ ಟೊಳ್ಳು ಒಳಗೆ ಹೋದಂತೆ ಕಿರಿದಾಗುತ್ತದೆ, ಗೋಡೆಯಲ್ಲಿ ಪದರಗಳು ಕಾಣುತ್ತವೆ.

ಹಂತ 2: ಯುವಿ ಬೆಳಕು

ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರ್‌ನ ಯುವಿ ಟಾರ್ಚ್ ಹಿಡಿಯಿರಿ. ಕಣ್ಣಿಗೆ ಯುವಿ ಕನ್ನಡಕ ಇರಲಿ. ದಂತ ಮತ್ತು ಎಲುಬು ನೀಲಿ ಮಿಶ್ರಿತ ಬಿಳಿಯಾಗಿ ಹೊಳೆಯುತ್ತವೆ, ಬಹಳಷ್ಟು ಪ್ಲಾಸ್ಟಿಕ್‌ಗಳು ಮಂಕು ನೀಲಿಯಾಗಿ ಉಳಿಯುತ್ತವೆ. ಹಳದಿ ತಿರುಗಿದ ಹಳೆಯ ಮೇಲ್ಮೈ ಅಷ್ಟು ಹೊಳೆಯುವುದಿಲ್ಲ, ಸವೆದ ಜಾಗ ಹೆಚ್ಚು ಹೊಳೆಯುತ್ತದೆ. ಈ ಬೆಳಕಿನಲ್ಲಿ ಹಳೆಯ ರಿಪೇರಿ, ಅಂಟು, ಬಣ್ಣ ಹಚ್ಚಿದ ಜಾಗ ಚೆನ್ನಾಗಿ ಗೊತ್ತಾಗುತ್ತವೆ. ಅವುಗಳ ಫೋಟೊ ತೆಗೆದಿಡಿ, ಮುಂದೆ ಚೂರು ಎಲ್ಲಿಂದ ತೆಗೆಯಬಾರದು ಅನ್ನುವುದನ್ನು ಈ ಫೋಟೊಗಳೇ ಹೇಳುತ್ತವೆ. ಯಾವ ಪ್ರಾಣಿ ಅನ್ನುವುದನ್ನು ಮಾತ್ರ ಯುವಿ ಹೇಳುವುದಿಲ್ಲ.

ಹಂತ 3: ನೆಲದ ಪ್ರಾಣಿಗಳನ್ನು ಪಕ್ಕಕ್ಕೆ ಸರಿಸಿ

ಆನೆದಂತವನ್ನು ಅಡ್ಡ ಕೊಯ್ದರೆ ಒಂದನ್ನೊಂದು ದಾಟುವ ಕಮಾನು ಗೆರೆಗಳು ಕಾಣುತ್ತವೆ. ಇವಕ್ಕೆ ಷ್ರೇಗರ್ ಗೆರೆಗಳು ಅನ್ನುತ್ತಾರೆ. ಆನೆ ಮತ್ತು ಮ್ಯಾಮತ್ (ಈಗ ಅಳಿದುಹೋಗಿರುವ, ಆನೆಯ ಹಳೆಯ ಸಂಬಂಧಿ) ಕುಟುಂಬದಲ್ಲಿ ಮಾತ್ರ ಈ ಜಾಲರಿ ಇಷ್ಟು ಸ್ಪಷ್ಟವಾಗಿ ಕಾಣುವುದು. ಹೊರ ಅಂಚಿನ ಹತ್ತಿರದ ಗೆರೆಗಳ ನಡುವಿನ ಕೋನ ಅಳೆದರೆ, 115 ಡಿಗ್ರಿಗಿಂತ ಹೆಚ್ಚಿದ್ದರೆ ಈಗಿನ ಆನೆ, 90ಕ್ಕಿಂತ ಕಡಿಮೆ ಇದ್ದರೆ ಮ್ಯಾಮತ್. ನಡುವಿನದು ಎರಡರಲ್ಲೂ ಸಿಗುತ್ತದೆ, ಹಾಗಾಗಿ ಒಂದೇ ಕೋನ ನೋಡಿ ತೀರ್ಮಾನ ಮಾಡದೆ ಹಲವು ಕೋನ ಅಳೆದು ಸರಾಸರಿ ತೆಗೆಯಬೇಕು.

ಇಲ್ಲಿ ತುಂಬಾ ಜನ ಎಡವುವುದು ಬೇರೆ ಕಡೆ. ಷ್ರೇಗರ್ ಗೆರೆ ಅಡ್ಡ ಕೊಯ್ತದಲ್ಲಿ ಮಾತ್ರ ಕಾಣುತ್ತದೆ. ಉದ್ದಕ್ಕೆ ಕೊಯ್ದ ತೆಳು ಹಲಗೆಯಲ್ಲಿ, ಉದಾಹರಣೆಗೆ ಹಳೆಯ ಪಿಯಾನೊ ಕೀಲಿಯಲ್ಲಿ, ಅದು ಕಾಣುವುದೇ ಇಲ್ಲ. ಆದ್ದರಿಂದ ಗೆರೆ ಕಂಡರೆ ಆನೆ, ಸರಿ. ಗೆರೆ ಕಾಣಲಿಲ್ಲ ಅಂದ ಮಾತ್ರಕ್ಕೆ ಆನೆ ಅಲ್ಲ ಅನ್ನುವಂತಿಲ್ಲ. ಮೊದಲು ನೀವು ನೋಡುತ್ತಿರುವುದು ಅಡ್ಡ ಮುಖವೋ ಉದ್ದ ಮುಖವೋ ಅಂತ ತಿಳಿದುಕೊಳ್ಳಿ.

ನೀರಾನೆಯ ಹಲ್ಲು ಇನ್ನೊಂದು ಗೊಂದಲ. ಅದು ತುಂಬಾ ಬಿಳಿ, ತುಂಬಾ ಗಟ್ಟಿ. ಲೂಪ್‌ನಲ್ಲಿ ನೋಡಿದರೆ ಒತ್ತೊತ್ತಾಗಿ ಸಣ್ಣ ಗೆರೆಗಳು ಹಲ್ಲಿನ ಆಕಾರವನ್ನೇ ಅನುಸರಿಸುತ್ತವೆ. ಬಾಗಿದ ದೊಡ್ಡ ಕೋರೆಯ ಅಡ್ಡ ಮುಖ ಮುಕ್ಕೋನದಂತೆ ಇದ್ದು, ನಟ್ಟನಡುವೆ ಒಂದು ಗೆರೆ ಬರುತ್ತದೆ. ಇದನ್ನು ಎಷ್ಟೋ ಬಾರಿ ವಾಲ್ರಸ್ ಅಂತ ಕರೆದಿದ್ದಾರೆ.

ಹಂತ 4: ಕಡಲಿನವರನ್ನು ಒಬ್ಬೊಬ್ಬರಾಗಿ ನೋಡೋಣ

ವಾಲ್ರಸ್‌ನಿಂದ ಶುರು ಮಾಡೋಣ, ಯಾಕೆಂದರೆ ಕಡಲ ದಂತದ ಹಳೆಯ ಕೆಲಸ ಬಹುಪಾಲು ಇದರದೇ. ವಾಲ್ರಸ್‌ನ ಮೇಲ್ದವಡೆಯ ಎರಡು ಕೋರೆಗಳು ಒಂದು ಮೀಟರ್‌ವರೆಗೂ ಬೆಳೆಯಬಹುದು. ಅಡ್ಡ ಕೊಯ್ದರೆ ಮೂರು ಪದರ. ಹೊರಗೆ ತೆಳುವಾದ ಸಿಮೆಂಟಮ್, ಅಂದರೆ ಹಲ್ಲಿನ ಗಟ್ಟಿ ಹೊರಹೊದಿಕೆ. ಅದರೊಳಗೆ ನಯವಾದ, ಕೆನೆಬಣ್ಣದ ಮೊದಲ ಡೆಂಟಿನ್. ನಡುವೆ ಎರಡನೇ ಡೆಂಟಿನ್. ಈ ನಡುವಿನ ಪದರವೇ ವಾಲ್ರಸ್‌ನ ಸಹಿ. ಗಟ್ಟಿಯಾದ ಸಾಬೂದಾನಿ ಪಾಯಸವನ್ನು ಚಾಕುವಿನಿಂದ ಕೊಯ್ದರೆ ಹೇಗೆ ಕಾಣಬಹುದು? ಅರೆಪಾರದರ್ಶಕ ಗುಂಡುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ. ಹಾಗೆಯೇ ಇರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆದರೆ ಕುಶಲಕರ್ಮಿಗಳಿಗೆ ಆ ಮಚ್ಚೆಯ ಭಾಗ ಬೇಕಾಗಿರಲಿಲ್ಲ. ಯುರೋಪಿನ ಕೆತ್ತನೆಗಾರರು ಮುಖ, ಬಟ್ಟೆಯ ಮಡಿಕೆಗಳನ್ನೆಲ್ಲ ನಯವಾದ ಪದರದಲ್ಲಿ ಕೊರೆದು, ಮಚ್ಚೆಯ ಭಾಗವನ್ನು ಹಿಂಬದಿಗೋ ತಳಕ್ಕೋ ತಳ್ಳುತ್ತಿದ್ದರು. ಆದ್ದರಿಂದ ವಸ್ತುವನ್ನು ತಿರುಗಿಸಿ. ಹಿಂದೆ ನೋಡಿ, ಕೆಳಗೆ ನೋಡಿ, ಮೊಳೆ ಹೊಡೆದ ತೂತಿನೊಳಗೆ ಬೆಳಕು ಬಿಟ್ಟು ನೋಡಿ. ಜಹಾಂಗೀರನ ರುಚಿ ಇದಕ್ಕೆ ಪೂರ್ತಿ ವಿರುದ್ಧ, ಅವನಿಗೆ ಆ ಮಚ್ಚೆಯ ‘ಮೀನಿನ ಹಲ್ಲೇ’ ಇಷ್ಟ. ಹಾಗಾಗಿ ಭಾರತದ, ಇರಾನಿನ ಹಿಡಿಗಳಲ್ಲಿ ಮಚ್ಚೆ ಮುಂದೆಯೇ ಕಾಣಬಹುದು.

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರ ಹೊತ್ತಿಗೆ ಸಿಕ್ಕ ಚದುರಂಗದ ಕಾಯಿಗಳು ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಒಟ್ಟು 93 ವಸ್ತುಗಳು, 82 ಬ್ರಿಟಿಷ್ ಮ್ಯೂಸಿಯಂನಲ್ಲಿ, 11 ಎಡಿನ್‌ಬರೋದಲ್ಲಿ. ಹೆಚ್ಚಿನವು ವಾಲ್ರಸ್, ಕೆಲವು ಮಾತ್ರ ತಿಮಿಂಗಿಲದ ಹಲ್ಲು. ಒಂದೇ ಗುಂಪಿನಲ್ಲಿ ಸಿಕ್ಕಿದ್ದು, ಒಂದೇ ಶೈಲಿ, ಆದರೂ ಎರಡು ಬೇರೆ ಪ್ರಾಣಿ. ಹಾಗಾಗಿ ಗುಂಪಿನ ಒಂದು ಕಾಯಿ ನೋಡಿ ಉಳಿದವಕ್ಕೂ ಅದೇ ಹೆಸರು ಬರೆಯುವಂತಿಲ್ಲ, ಪ್ರತಿಯೊಂದನ್ನೂ ಬೇರೆಯಾಗಿ ನೋಡಬೇಕು. ಇದೇ ಗುಂಪಿನದು ಅನ್ನಲಾದ ಇನ್ನೊಂದು ಕಾಯಿಯನ್ನು 1964ರಲ್ಲಿ ಐದು ಪೌಂಡಿಗೆ ಕೊಂಡಿದ್ದರು, 2019ರ ಹರಾಜಿನಲ್ಲಿ ಅದು 7,35,000 ಪೌಂಡಿಗೆ ಹೋಯಿತು.

ವಾಲ್ರಸ್ ಕೋರೆಯ ಇನ್ನೊಂದು ಗುರುತು ಬಿರುಕುಗಳು. ಹೊರ ಪದರದಿಂದ ಶುರುವಾಗಿ ಒಳಗಿನ ಡೆಂಟಿನ್‌ವರೆಗೂ ಇಳಿಯುತ್ತವೆ, ಕೋರೆಯ ಉದ್ದಕ್ಕೂ ಓಡುತ್ತವೆ. ಅಲಾಸ್ಕದ ಕರಾವಳಿಯಲ್ಲಿ ನೂರಾರು ವರ್ಷ ಮಣ್ಣಿನಲ್ಲಿ ಹೂತಿದ್ದ ಕೋರೆಗಳು ಖನಿಜ ಹೀರಿ ಜೇನುಬಣ್ಣಕ್ಕೋ ಕಡುಕಂದಿಗೋ ತಿರುಗಿರುತ್ತವೆ. ಬಣ್ಣ ನೋಡಿ ಗಾಬರಿ ಬೇಡ, ನಡುವಿನ ಮಚ್ಚೆ ಹಾಗೆಯೇ ಇರುತ್ತದೆ.

ಸ್ಪರ್ಮ್ ತಿಮಿಂಗಿಲದ ಹೆಸರು ನಮ್ಮ ಕರಾವಳಿಯವರಿಗೆ ಬೇರೆ ಕಾರಣಕ್ಕೆ ಗೊತ್ತು. ಆಗಾಗ ಪೊಲೀಸರು ಹಿಡಿಯುವ ‘ತಿಮಿಂಗಿಲ ವಾಂತಿ’, ಅಂದರೆ ಅಂಬರ್‌ಗ್ರಿಸ್, ಇದೇ ಪ್ರಾಣಿಯ ಹೊಟ್ಟೆಯಿಂದ ಬರುವುದು. ಇದರ ಕೆಳದವಡೆಯಲ್ಲಿ ಎರಡೂ ಬದಿ ಸಾಲಾಗಿ ಶಂಕುವಿನಂಥ ಹಲ್ಲುಗಳಿರುತ್ತವೆ, ದೊಡ್ಡದು 20 ಸೆಂಟಿಮೀಟರ್‌ವರೆಗೂ ಇರುತ್ತದೆ. ಅಡ್ಡ ಮುಖ ದುಂಡಗೆ ಅಥವಾ ಸ್ವಲ್ಪ ಮೊಟ್ಟೆಯಾಕಾರ. ಹೊರಗಿನ ಸಿಮೆಂಟಮ್ ದಪ್ಪ. ಅದಕ್ಕೂ ಒಳಗಿನ ಡೆಂಟಿನ್‌ಗೂ ನಡುವೆ ಎದ್ದು ಕಾಣುವ ಒಂದು ಉಂಗುರ. ಒಳಗೆ ಮರದ ಉಂಗುರಗಳ ಹಾಗೆ ಪದರಗಳು. ಜೀವಶಾಸ್ತ್ರಜ್ಞರು ಇವನ್ನು ಎಣಿಸಿಯೇ ತಿಮಿಂಗಿಲದ ವಯಸ್ಸು ಹೇಳುವುದು. ಡೆಂಟಿನ್‌ನಲ್ಲಿ ಅಲ್ಲಲ್ಲಿ ಮುತ್ತಿನಂಥ ದುಂಡು ಗಂಟುಗಳೂ ಸಿಗುತ್ತವೆ. ಆ ಗಂಟುಗಳನ್ನು ವಾಲ್ರಸ್‌ನ ಸಾಬೂದಾನಿಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ವಾಲ್ರಸ್‌ನಲ್ಲಿ ಇಡೀ ನಡುಭಾಗವೇ ಹಾಗಿರುತ್ತದೆ, ಇಲ್ಲಿ ಬಿಡಿ ಬಿಡಿ.

ಓರ್ಕಾ ಹಲ್ಲು ಇದರ ಚಿಕ್ಕ ರೂಪ. ಅಡ್ಡ ಮುಖ ಹೆಚ್ಚು ಚಪ್ಪಟೆ, ಒಳಗೆ ಕೆಲವೊಮ್ಮೆ ಮಸುಕಾಗಿ ಹೂವಿನಂಥ ವಿನ್ಯಾಸ. ಇಡೀ ಹಲ್ಲು ಕೈಗೆ ಸಿಕ್ಕರೆ ಹೇಳಬಹುದು. ಒಂದು ಸಣ್ಣ ಗುಂಡಿಯನ್ನೋ ಮಣಿಯನ್ನೋ ಕೊಟ್ಟು ಸ್ಪರ್ಮ್ ತಿಮಿಂಗಿಲವೋ ಓರ್ಕಾನೋ ಅಂತ ಕೇಳಿದರೆ ಬರಿಗಣ್ಣಲ್ಲಿ ಹೇಳಲಾಗದು.

ನಾರ್ವಾಲ್ ಇಡಿಯಾಗಿದ್ದರೆ ಮಗುವೂ ಗುರುತು ಹಿಡಿಯುತ್ತದೆ. ಸಾಮಾನ್ಯವಾಗಿ ಗಂಡಿನ ಎಡಗಡೆಯ ಒಂದೇ ಹಲ್ಲು ತುಟಿ ಸೀಳಿಕೊಂಡು ನೇರವಾಗಿ ಹೊರಗೆ ಬೆಳೆಯುತ್ತದೆ, ಎರಡೂವರೆ ಮೀಟರ್ ದಾಟುವುದೂ ಉಂಟು, ಮೈತುಂಬ ಎಡಕ್ಕೆ ಸುತ್ತುವ ಸುರುಳಿ. ಯುರೋಪಿನಲ್ಲಿ ಇದನ್ನೇ ಒಂಟಿಕೊಂಬಿನ ಕುದುರೆಯ ಕೊಂಬು ಅಂತ ಮಾರುತ್ತಿದ್ದರು. ಡೆನ್ಮಾರ್ಕ್ ರಾಜರ ಹಳೆಯ ಸಿಂಹಾಸನಕ್ಕೂ ಈ ದಂತ ಬಳಸಿದ್ದಾರೆ, ಕೋಪನ್‌ಹೇಗನ್‌ನ ರೋಸೆನ್‌ಬೋರ್ಗ್ ಅರಮನೆಯಲ್ಲಿ ಈಗಲೂ ನೋಡಬಹುದು. ತುಂಡಾದಾಗ ಗುರುತು ಹೀಗೆ: ನಡುವೆ ಟೊಳ್ಳು, ಅದು ಬಹುತೇಕ ಉದ್ದಕ್ಕೂ ಇರುತ್ತದೆ. ಅಂಚಿನಲ್ಲಿ ಸುರುಳಿಗೆ ತಕ್ಕ ತಗ್ಗುಗಳು. ಟೊಳ್ಳಿನಿಂದಾಗಿ ಇದರಿಂದ ದಪ್ಪ ಗಟ್ಟಿ ವಸ್ತು ಮಾಡಲು ಬರುವುದಿಲ್ಲ, ಕೋಲು, ಉಂಗುರ, ತೆಳು ಹಲಗೆ ಇಂಥವೇ ಜಾಸ್ತಿ.

ಕಡಲಹಸುವಿನ ದಂತ ಚಿಕ್ಕದು, ಗಂಡಿನಲ್ಲಿ ಮಾತ್ರ ಚೆನ್ನಾಗಿ ಹೊರಬರುತ್ತದೆ. ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ, ಅಂಡಮಾನ್‌ನಲ್ಲಿ ಉಳಿದಿರುವುದೇ ಕೆಲವು. ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಜಾಗವನ್ನು ಇದಕ್ಕಾಗಿಯೇ ಕಾಯ್ದಿರಿಸಿದೆ. ಕರಾವಳಿಯ ಹಳೆ ಮನೆಗಳಲ್ಲಿ ಚಿಕ್ಕ ದಂತದ ತುಂಡು ಸಿಕ್ಕಾಗ ಈ ಪ್ರಾಣಿಯೂ ನೆನಪಲ್ಲಿರಲಿ.

ಹಂತ 5: ಮುಟ್ಟದೆ ನೋಡುವ ಯಂತ್ರಗಳು

ಲೂಪ್‌ನಿಂದ ಉತ್ತರ ಸಿಗದಿದ್ದರೆ ಮುಂದಿನದು ಇನ್‌ಫ್ರಾರೆಡ್ ಅಥವಾ ರಾಮನ್ ಪರೀಕ್ಷೆ. ರಾಮನ್ ಅಂದರೆ ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೇ. ಲೇಸರ್ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟಾಗ ಚದುರಿ ಬರುವ ಬೆಳಕಿನ ಬಣ್ಣದಲ್ಲಿ ಸಣ್ಣ ಬದಲಾವಣೆ ಆಗಿರುತ್ತದೆ, ಅದು ಒಳಗಿನ ಅಣುಗಳು ಯಾವುವು ಅಂತ ಹೇಳುತ್ತದೆ. ದಂತದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ ಮತ್ತು ಕೊಲಾಜೆನ್ ಪ್ರೋಟೀನ್ ಎರಡೂ ಕಾಣಬೇಕು. ಪ್ಲಾಸ್ಟಿಕ್ ಆದರೆ ಕ್ಷಣದಲ್ಲಿ ಸಿಕ್ಕಿಬೀಳುತ್ತದೆ. ದಂತದ ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ ನಕಲುಗಳೂ ಇವೆ, ಅವು ಕೂಡ ಇಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಎಲ್ಲ ಹಲ್ಲುಗಳ ಸಾಮಗ್ರಿ ಒಂದೇ ತರಹ ಇರುವುದರಿಂದ, ಪ್ರಾಣಿ ಯಾವುದೆಂದು ಇದೊಂದರಿಂದಲೇ ಹೇಳುವುದು ನಂಬಿಕೆಗೆ ಅರ್ಹ ಅಂತ ನನಗನಿಸುವುದಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಮೈಕ್ರೋ ಸಿಟಿ. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಂತೆಯೇ, ಆದರೆ ತುಂಬಾ ಸೂಕ್ಷ್ಮ. ವಸ್ತುವನ್ನು ಕೊಯ್ಯದೆಯೇ ಪರದೆಯ ಮೇಲೆ ಎಲ್ಲಿ ಬೇಕೋ ಅಲ್ಲಿ ಅಡ್ಡ ಮುಖ ನೋಡಬಹುದು. ಕೆತ್ತನೆಯ ಒಳಗೆ ಅಡಗಿರುವ ವಾಲ್ರಸ್‌ನ ಮಚ್ಚೆಯ ಪದರ, ತಿಮಿಂಗಿಲದ ಉಂಗುರ ಇದರಲ್ಲಿ ಸಿಗುತ್ತವೆ. ಒಂದೇ ತೊಂದರೆ, ಹಿಡಿಯೊಳಗೆ ಉಕ್ಕಿನ ಕಡ್ಡಿ ಇದ್ದರೆ ಚಿತ್ರ ಕೆಡುತ್ತದೆ. ಕಠಾರಿಗಳಲ್ಲಿ ಅದು ಇದ್ದೇ ಇರುತ್ತದೆ.

ಮುಂದಕ್ಕೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಬೇಕಿರುವ ಉತ್ತರ ಯಾವುದು? ಆನೆಯೋ ಅಲ್ಲವೋ ಅನ್ನುವುದಷ್ಟೇ ಸಾಕಾ? ಯಾವ ಪ್ರಾಣಿ ಅಂತ ಬೇಕಾ? ಅಥವಾ ಆ ಪ್ರಾಣಿ ಯಾವ ಕಡಲಿನದು ಅನ್ನುವವರೆಗೂ ಬೇಕಾ? ಮೊದಲನೆಯದಕ್ಕೆ ಎಷ್ಟೋ ಸಲ ಲೂಪ್ ಸಾಕು. ಸುಮ್ನೆ ಕುತೂಹಲಕ್ಕೆ ಹಳೆಯ ವಸ್ತುವಿನಿಂದ ಚೂರು ತೆಗೆಯಬೇಡಿ.

ಹಂತ 6: ಕೊಲಾಜೆನ್‌ನ ಬೆರಳಚ್ಚು

ಈ ವಿಧಾನದ ಹೆಸರು ಝೂಮ್ಸ್. 2009ರ ಸುಮಾರಿಗೆ ಬ್ರಿಟನ್ನಿನ ಸಂಶೋಧಕರು ಪುರಾತತ್ವದ ಎಲುಬುಗಳಿಗಾಗಿ ರೂಪಿಸಿದ್ದು. ಕೆಲಸ ಹೀಗೆ. ದಂತದ ಚಿಟಿಕೆಗಿಂತ ಕಡಿಮೆ ಪುಡಿ ಸಾಕು. ಅದರಿಂದ ಕೊಲಾಜೆನ್ ಹೊರತೆಗೆದು ಟ್ರಿಪ್ಸಿನ್ ಅನ್ನುವ ಕಿಣ್ವದಿಂದ ತುಂಡು ಮಾಡುತ್ತಾರೆ. ಟ್ರಿಪ್ಸಿನ್ ಪ್ರೋಟೀನನ್ನು ಗೊತ್ತಾದ ಜಾಗಗಳಲ್ಲೇ ಕತ್ತರಿಸುತ್ತದೆ. ಆ ತುಂಡುಗಳ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುತ್ತಾರೆ. ಪ್ರಾಣಿಯಿಂದ ಪ್ರಾಣಿಗೆ ಕೊಲಾಜೆನ್‌ನಲ್ಲಿ ಸಣ್ಣ ವ್ಯತ್ಯಾಸ ಇರುವುದರಿಂದ ತುಂಡುಗಳ ತೂಕದ ಪಟ್ಟಿಯೂ ಬೇರೆ ಬೇರೆ. ಆನೆ, ನೀರಾನೆ, ವಾಲ್ರಸ್, ತಿಮಿಂಗಿಲ ಇವನ್ನು ಇದು ಬೇರ್ಪಡಿಸುತ್ತದೆ. ಡಿಎನ್‌ಎ ಪೂರ್ತಿ ಹಾಳಾದ ವಸ್ತುವಿನಲ್ಲೂ ಕೊಲಾಜೆನ್ ಉಳಿದಿರುತ್ತದೆ. ಡಿಎನ್‌ಎಗಿಂತ ಖರ್ಚೂ ಕಡಿಮೆ.

ಚೂರೇ ತೆಗೆಯದೆ ಮಾಡುವ ಪ್ರಯತ್ನಗಳೂ ಇವೆ. ಪೆನ್ಸಿಲ್ ಅಳಿಸುವ ಬಿಳಿ ಪಿವಿಸಿ ರಬ್ಬರನ್ನು ಮೇಲ್ಮೈ ಮೇಲೆ ಮೆಲ್ಲಗೆ ಉಜ್ಜಿ, ಉದುರಿದ ರಬ್ಬರ್ ಪುಡಿಯಲ್ಲಿ ಅಂಟಿಕೊಂಡ ಕೊಲಾಜೆನ್‌ನಿಂದಲೇ ಪರೀಕ್ಷೆ ಮಾಡುವುದು. ಹಳೆಯ ಚರ್ಮಪತ್ರದ ಪುಸ್ತಕಗಳ ಮೇಲೆ ಇದು ಬಹಳ ಚೆನ್ನಾಗಿ ಕೆಲಸ ಮಾಡಿದೆ. ಗಟ್ಟಿಯಾಗಿ ಹೊಳಪು ಕೊಟ್ಟ ದಂತದ ಮೇಲೆ ಪ್ರತಿ ಸಲ ಉತ್ತರ ಸಿಗುತ್ತದೆ ಅಂತ ಎಣಿಸಬೇಡಿ.

ಇದರಲ್ಲಿ ಎರಡು ಅಪಾಯ. ಒಂದು, ಕೊಲಾಜೆನ್ ತುಂಬಾ ನಿಧಾನವಾಗಿ ಬದಲಾಗುವ ಪ್ರೋಟೀನ್. ಹತ್ತಿರದ ಸಂಬಂಧಿ ಪ್ರಾಣಿಗಳ ಬೆರಳಚ್ಚು ಒಂದೇ ಥರ ಬರಬಹುದು, ಆಗ ಕುಟುಂಬದ ಮಟ್ಟಕ್ಕೇ ನಿಲ್ಲಬೇಕು. ಎರಡು, ಅಂಟು. ಹಿಂದೆ ಬಡಗಿಗಳು ಬಳಸುತ್ತಿದ್ದ ಮರವಜ್ರ ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದು. ಅಂದರೆ ಅದೂ ಕೊಲಾಜೆನ್ನೇ. ಅಂಟು ಹತ್ತಿದ ಜಾಗದಿಂದ ಪುಡಿ ತೆಗೆದರೆ ವಾಲ್ರಸ್ ಹಿಡಿಗೆ ದನ ಅಂತ ಉತ್ತರ ಬರುತ್ತದೆ. ಯುವಿ ಫೋಟೊ ತೆಗೆದಿಡಿ ಅಂತ ಹೇಳಿದ್ದು ಇದಕ್ಕೇ.

ಹಂತ 7: ಡಿಎನ್‌ಎ, ಪ್ರಾಣಿಯ ಊರಿನವರೆಗೂ

ಪ್ರಾಣಿಯ ಹೆಸರಿಗಿಂತ ಮುಂದೆ ಹೋಗಬೇಕಿದ್ದರೆ ಡಿಎನ್‌ಎ ಬೇಕು. ಕಾಣದ ಜಾಗದಲ್ಲಿ, ನಿಧಾನಗತಿಯ ಡ್ರಿಲ್‌ನಿಂದ, ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ಕೊರೆಯಬೇಕು. ಬಿಸಿಯಾದರೆ ಡಿಎನ್‌ಎ ಸಾಯುತ್ತದೆ. ಮೇಲಿನ ಪದರದ ಪುಡಿ ಎಸೆದು, ಒಳಗಿನದನ್ನು ಮಾತ್ರ ಇಟ್ಟುಕೊಳ್ಳಬೇಕು. ಮುಟ್ಟಿದವರೆಲ್ಲರ ಡಿಎನ್‌ಎ ಮೇಲ್ಮೈಯಲ್ಲಿ ಇರುತ್ತದೆ, ಅಲ್ವಾ?

ಈ ವಿಧಾನದ ಶಕ್ತಿ ಗೊತ್ತಾಗಬೇಕಾದರೆ ಗ್ರೀನ್‌ಲ್ಯಾಂಡ್ ಕಥೆ ಕೇಳಬೇಕು. ಮಧ್ಯಯುಗದ ಯುರೋಪಿಗೆ ಬಂದ ವಾಲ್ರಸ್ ದಂತ ಎಲ್ಲಿಂದ ಬಂತು? ಗ್ರೀನ್‌ಲ್ಯಾಂಡಿನಲ್ಲಿ ನೆಲೆಸಿದ್ದ, ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನರಿಂದಲೋ, ಐಸ್‌ಲ್ಯಾಂಡಿನಿಂದಲೋ, ರಷ್ಯಾ ಕಡೆಯ ಕಡಲಿನಿಂದಲೋ ಅನ್ನುವುದು ಹಳೆಯ ಪ್ರಶ್ನೆ. ಆಗ ದಂತವನ್ನು ಒಂಟಿಯಾಗಿ ಕಳಿಸುತ್ತಿರಲಿಲ್ಲ, ಎರಡು ಕೋರೆ ಸಮೇತ ಮೂತಿಯ ಎಲುಬನ್ನೇ ಕತ್ತರಿಸಿ ಸಾಗಿಸುತ್ತಿದ್ದರು. ಟ್ರಾಂಡ್‌ಹೈಮ್, ಬರ್ಗೆನ್, ಡಬ್ಲಿನ್ ಮುಂತಾದ ಊರುಗಳಲ್ಲಿ ಕೆತ್ತನೆಗಾರರು ಕೋರೆ ಕಿತ್ತುಕೊಂಡು ಮೂತಿ ಎಸೆದಿದ್ದರು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರು ಬೆಲೆಬಾಳುವ ಕೆತ್ತನೆಗಳಿಗೆ ಕೈ ಹಾಕದೆ, ಎಸೆದ ಆ ಮೂತಿಗಳಿಂದಲೇ ಡಿಎನ್‌ಎ ತೆಗೆದರು. ಹನ್ನೆರಡನೇ ಶತಮಾನದಿಂದೀಚೆಗಿನವು ಹೆಚ್ಚುಕಡಿಮೆ ಎಲ್ಲವೂ ಗ್ರೀನ್‌ಲ್ಯಾಂಡಿನ ಪಶ್ಚಿಮದ ಕಡಲಲ್ಲಿ ಮಾತ್ರ ಸಿಗುವ ವಂಶದವು. 2022ರಲ್ಲಿ ಇದೇ ವಿಧಾನದಿಂದ ಕೀವ್ ನಗರದಲ್ಲಿ ಸಿಕ್ಕ ಮೂತಿಗಳೂ ಹೆಚ್ಚಿನವು ಗ್ರೀನ್‌ಲ್ಯಾಂಡ್ ಕಡೆಯವೇ ಅಂತ ಗೊತ್ತಾಯಿತು. ಅಷ್ಟು ದೂರ ಆ ದಂತ ಹೋಗಿತ್ತು! ಐಸ್‌ಲ್ಯಾಂಡಿನ ವಾಲ್ರಸ್‌ಗಳು ಬೇರೆಯದೇ ಒಂದು ವಂಶ, ಮನುಷ್ಯ ಅಲ್ಲಿ ನೆಲೆಸಿದ ಕೆಲವೇ ಶತಮಾನಗಳಲ್ಲಿ ಅದು ಅಳಿದುಹೋಯಿತು ಅಂತಲೂ ಡಿಎನ್‌ಎಯಿಂದಲೇ ತಿಳಿದದ್ದು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿಜಕ್ಕೂ ಬೇಸರವಾಯಿತು.

ಆ ಸಂಶೋಧಕರ ಉಪಾಯ ನಮಗೂ ಪಾಠ. ಚೆಂದದ ವಸ್ತುವಿನ ಪಕ್ಕದಲ್ಲಿ ಮುರಿದ ಚೂರು, ಕೆತ್ತನೆಯ ಉಳಿಕೆ ಏನಾದರೂ ಇದೆಯಾ ಅಂತ ಮೊದಲು ಹುಡುಕಿ.

ಹಂತ 8: ಐಸೊಟೋಪ್ ಮತ್ತು ಕಾಲ

ಪ್ರಾಣಿ ಏನು ತಿನ್ನುತ್ತಿತ್ತು ಅನ್ನುವುದು ಅದರ ಹಲ್ಲಿನ ಸಾರಜನಕ ಮತ್ತು ಇಂಗಾಲದ ಐಸೊಟೋಪ್‌ಗಳಲ್ಲಿ, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ, ಉಳಿಯುತ್ತದೆ. ಆಹಾರ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಮೇಲೆ ಹೋದ ಹಾಗೆ ಭಾರದ ಸಾರಜನಕದ ಪ್ರಮಾಣ ಏರುತ್ತದೆ. ವಾಲ್ರಸ್ ತಿನ್ನುವುದು ಕಡಲ ತಳದ ಚಿಪ್ಪುಜೀವಿಗಳನ್ನು, ಸ್ಪರ್ಮ್ ತಿಮಿಂಗಿಲ ಸ್ಕ್ವಿಡ್‌ಗಳನ್ನು, ಓರ್ಕಾ ಎಲ್ಲರಿಗಿಂತ ಮೇಲೆ. ನೆಲದ್ದೋ ಕಡಲಿನದ್ದೋ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಪ್ರಾಣಿಯ ಹೆಸರು ಹೇಳಲು ಇದೊಂದನ್ನೇ ನಂಬಬೇಡಿ, ಝೂಮ್ಸ್ ಅಥವಾ ಡಿಎನ್‌ಎ ಜೊತೆ ಇಟ್ಟು ಓದಿ.

ವಸ್ತು ಎಷ್ಟು ಹಳೆಯದು ಅಂತ ಹೇಳುವ ರೇಡಿಯೊ ಕಾರ್ಬನ್ ಪರೀಕ್ಷೆ ಮಾಡಿಸುವವರಿಗೆ ಒಂದು ಮಾತು. ಕಡಲ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಕಡಲ ಪ್ರಾಣಿಗಳು ಇರುವುದಕ್ಕಿಂತ ಸುಮಾರು 400 ವರ್ಷ ಹಳೆಯವು ಅನ್ನುವ ಹಾಗೆ ಉತ್ತರ ಬರುತ್ತದೆ. ಜಾಗದಿಂದ ಜಾಗಕ್ಕೆ ಇದು ಬದಲಾಗುತ್ತದೆ. ಪ್ರಾಣಿ ಯಾವುದು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಕಾಲವೂ ತಪ್ಪಾಗುತ್ತದೆ, ಹಾಗಾಗಿ ಕಾಲದ ಪರೀಕ್ಷೆ ಯಾವತ್ತೂ ಕೊನೆಗೆ.

ಹಂತ 9: ಎಲ್ಲಿಗೆ ಕಳಿಸುವುದು, ಏನು ಬರೆಯುವುದು

ಕಾನೂನು ಮೊದಲು. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಆನೆ, ಕಡಲಹಸು, ಸ್ಪರ್ಮ್ ತಿಮಿಂಗಿಲ ಎಲ್ಲವೂ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಸೈಟಿಸ್, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ ಪ್ರಾಣಿಗಳನ್ನೂ ಕಾಯ್ದೆಯೊಳಗೆ ತಂದಿತು. ಮನೆಯಲ್ಲಿ ಹಳೆಯ ದಂತದ ವಸ್ತು ಸಿಕ್ಕರೆ ಮಾರಲು, ಕೊರಿಯರ್ ಮಾಡಲು ಹೋಗಬೇಡಿ, ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ವಿದೇಶದಲ್ಲಿರುವ ಕನ್ನಡಿಗರೂ ಅಲ್ಲಿನ ನಿಯಮ ನೋಡಿಕೊಳ್ಳಿ. ಬ್ರಿಟನ್ ತನ್ನ 2018ರ ದಂತ ಕಾಯ್ದೆಯನ್ನು 2025ರ ಜನವರಿಯಲ್ಲಿ ನೀರಾನೆ, ಓರ್ಕಾ, ನಾರ್ವಾಲ್, ಸ್ಪರ್ಮ್ ತಿಮಿಂಗಿಲಕ್ಕೂ ವಿಸ್ತರಿಸಿದೆ. ಅಮೆರಿಕದಲ್ಲಿ 1972ರಿಂದಲೂ ಕಡಲ ಸಸ್ತನಿಗಳಿಗೆ ಬೇರೆಯದೇ ಕಾಯ್ದೆ ಇದೆ, ಹೊಸದಾಗಿ ಬೇಟೆಯಾಡಿದ ವಾಲ್ರಸ್‌ನ ದಂತ ಕೆತ್ತಲು ಅಲಾಸ್ಕದ ಮೂಲನಿವಾಸಿಗಳಿಗೆ ಮಾತ್ರ ಅವಕಾಶ.

ವನ್ಯಜೀವಿ ಡಿಎನ್‌ಎ ಪರೀಕ್ಷೆ ನಮ್ಮಲ್ಲಿ ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರ), ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ನಡೆಯುತ್ತದೆ. ವಸ್ತು ಜಪ್ತಿಯಾದದ್ದಾದರೆ ಮಾದರಿ ತೆಗೆಯುವುದು ಅಧಿಕಾರಿಗಳ ಕೆಲಸ, ನೀವು ಮುಟ್ಟಲೇಬಾರದು.

ವರದಿಯಲ್ಲಿ ಕಂಡದ್ದನ್ನು ಬರೆಯಿರಿ, ಊಹೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ‘ಹಿಂಬದಿಯಲ್ಲಿ ಎರಡನೇ ಡೆಂಟಿನ್ ಕಾಣುತ್ತದೆ, ವಾಲ್ರಸ್’ ಅನ್ನುವುದು ಗಟ್ಟಿ ಮಾತು. ‘ಷ್ರೇಗರ್ ಗೆರೆ ಕಾಣಲಿಲ್ಲ, ಅಡ್ಡ ಮುಖ ಸಿಕ್ಕಿಲ್ಲ, ದಂತ, ಪ್ರಾಣಿ ತಿಳಿದಿಲ್ಲ’ ಅನ್ನುವುದೂ ಅಷ್ಟೇ ಗಟ್ಟಿ ಮಾತು, ಹಾಗೆ ಬರೆಯಲು ಹಿಂಜರಿಯಬೇಡಿ. ಪುಡಿ ತೆಗೆದಿದ್ದರೆ ಎಲ್ಲಿಂದ, ಎಷ್ಟು ಮಿಲಿಗ್ರಾಂ, ಯಾವ ದಿನ ಅಂತ ಫೋಟೊ ಸಮೇತ ದಾಖಲಿಸಿ. ಪರೀಕ್ಷೆ ಮುಗಿದ ಮೇಲೆ ಉಳಿದ ಪುಡಿಯನ್ನು ಎಸೆಯಬೇಡಿ. ಗಾಜಿನ ಸಣ್ಣ ಶೀಶೆಯಲ್ಲಿ ಹಾಕಿ, ಚೀಟಿ ಅಂಟಿಸಿ, ವಸ್ತುವಿನ ಜೊತೆಯಲ್ಲೇ ಇಡಿ. ಹತ್ತು ವರ್ಷ ಬಿಟ್ಟು ಹೊಸ ವಿಧಾನ ಬಂದಾಗ ಬರುವವರು ಮತ್ತೆ ಕೊರೆಯಬೇಕಾಗುವುದಿಲ್ಲ.